ಪ್ರಿಂಟರಿಗೆ ಮಾತ್ರ ನೆನಪಿತ್ತು

ಗಿರೆಸುನ್ ಬಂದರಿನ ಹಿಂದಿನ ಬೀದಿ, ಮೂರನೇ ಮಹಡಿ,
ಹೇಜಲ್‌ನಟ್ ರಫ್ತಿನ ಕಚೇರಿ.
ಮೆಟ್ಟಿಲಿಗೂ ಹುರಿದ ಬೀಜದ ವಾಸನೆ.
ಕಂಕುಳಲ್ಲಿ ಹೊಸ ಪೆಟ್ಟಿಗೆ ಇರುಕಿಕೊಂಡು
ಊಟದ ಹೊತ್ತಿಗೆ ಸರಿಯಾಗಿ ಹೋದೆ.
ಯಾರೂ ಕೆಲಸ ಮಾಡದ ಗಳಿಗೆಯೇ
ನಮ್ಮಂಥವರಿಗೆ ಮುಹೂರ್ತ.

ಕಪಾಟಿನ ಮೇಲೆ, ಚಹಾ ಲೋಟಗಳ ಸಾಲಿನಲ್ಲಿ,
ಹಳೆಯ ರೂಟರು. ಹನ್ನೊಂದು ವರ್ಷದ್ದು.
ಒಂದು ಕೊಂಬು ಮುರಿದು ಟೇಪು ಸುತ್ತಿದೆ.
ಕಲಿತದ್ದು ಒಂದೇ ವಿದ್ಯೆ:
ಕೇಳಿದವರಿಗೆ ದಾರಿ ಹೇಳುವುದು.
ನೀನ್ಯಾರು, ಚೀಲದಲ್ಲೇನು,
ಈ ಹೊತ್ತಲ್ಲಿ ಯಾಕೆ ಬಂದೆ
ಎಂದು ಕೇಳುವ ಜಾಯಮಾನವಲ್ಲ.

ಹಾಗಾಗಿಯೇ ಆಗಸ್ಟಿನಲ್ಲಿ,
ಕ್ಯಾಮೆರಾಕ್ಕೆಂದು ಯಾರೋ ಎಂದೋ ತೆರೆದು
ಮರೆತ ಕಿಂಡಿಯಿಂದ ಒಬ್ಬ ನುಸುಳಿದ.
ಲೆಕ್ಕದ ಕಡತಗಳಿಗೆಲ್ಲ ಬೀಗ ಜಡಿದು
ಬೀಗದ ಕೈಗೆ ಬೆಲೆ ಹೇಳಿದ.
ಕೊಟ್ಟರೋ ಇಲ್ಲವೋ, ನಾನು ಕೇಳಲಿಲ್ಲ,
ಫೆರಿದುನ್ ಬೇ ಹೇಳಲಿಲ್ಲ.

'ಕಾವಲಿನವನನ್ನು ತಂದಿದ್ದೀಯ, ಸರಿ.
ಪಾಪ, ಇದನ್ನೇಕೆ ತೆಗೆಯುತ್ತೀ? ಜೊತೆಗಿರಲಿ.'
'ಬಾಗಿಲು ಕಾಯುವವನಿಗೆ ದಾರಿಯೂ ಗೊತ್ತು, ಬೇ.
ಇಬ್ಬರನ್ನೂ ಸಾಲಾಗಿ ನಿಲ್ಲಿಸಿದರೆ
ಹೋಗುವ ಮಾತು ಎರಡೆರಡು ಸಲ ವೇಷ ಬದಲಿಸಬೇಕು.
ಗಂಟು ಬಿದ್ದರೆ
ಅವನು ಇವನನ್ನು ತೋರುತ್ತಾನೆ, ಇವನು ಅವನನ್ನು.'
'ಇದೊಬ್ಬನೇ ಮಲಗಿಬಿಟ್ಟರೆ?'

ಸುಳ್ಳು ಹೇಳಬಹುದಿತ್ತು.
'ಆಗ ದಾರಿಯೂ ಇಲ್ಲ, ಬಾಗಿಲೂ ಇಲ್ಲ' ಎಂದೆ.

ಅವರು ಕರಗಿದ ಸಕ್ಕರೆಯನ್ನೇ ಮತ್ತೆ ಮತ್ತೆ ಕಲಕಿದರು.
ಆ ಮೂಲೆಯಿಂದ ನೂರ್‌ಹಯಾತ್ ನಕ್ಕಳು.
ಸುಂಕದವರ ಫೋನು ಅವಳದೇ, ಸಂಬಳದ ಪಟ್ಟಿಯೂ ಅವಳದೇ.
'ನನಗೆ ಕಾಮಾಲೆಯಾದ ವರ್ಷ
ಇಬ್ಬರು ಬೇಕೆಂದು ಯಾರಿಗೂ ಹೊಳೆಯಲಿಲ್ಲವಲ್ಲ!'
ಮೂರು ಕಂಟೇನರು ಟ್ರಾಬ್ಜೋನಿನಲ್ಲಿ ಹದಿನಾರು ದಿನ
ಬಿಸಿಲು ಕಾಯಿಸಿಕೊಂಡ ಕತೆ
ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು.
ಬೇ ತಲೆಯೆತ್ತದೆ ಅಂದರು,
'ಇಂಥದ್ದೇ ಇನ್ನೊಂದು ತಾ. ಪೆಟ್ಟಿಗೆಯಲ್ಲೇ ಇರಲಿ.'

ಏಳು ನಿಮಿಷ ಕಚೇರಿ ಲೋಕಕ್ಕೆ ಕಿವುಡಾಯಿತು.
ತಂತಿ ಕಿತ್ತೆ, ತಂತಿ ಚುಚ್ಚಿದೆ.
ಹಳೆಯದರ ವಿಳಾಸವನ್ನೇ,
ಕೊನೆಯ ಅಂಕಿಯವರೆಗೂ ಅದನ್ನೇ,
ಹೊಸತಕ್ಕೆ ಬರೆದುಕೊಟ್ಟೆ.
ಹೀಗೆ ಮಾಡಿದರೆ ಒಳಗಿನವರು ಯಾರೂ
ಏನನ್ನೂ ಹೊಸದಾಗಿ ಕಲಿಯಬೇಕಿಲ್ಲ.
ಕಂಪ್ಯೂಟರುಗಳು ಎಂದಿನಂತೆ ಅದೇ ಮನೆಯ ಕದ ತಟ್ಟಿದವು,
ತೆರೆದದ್ದು ಬೇರೆ ಮುಖವೆಂದು
ಒಂದಕ್ಕೂ ಅನ್ನಿಸಲಿಲ್ಲ.

ಹೊಸತಕ್ಕೆ ಕೊಂಬಿಲ್ಲ.
ಗೋದಾಮಿನ ಹುಡುಗ ತುಂಜಾಯ್
ಫೋನು ಎತ್ತಿ ಹಿಡಿದು ಬೊಬ್ಬೆ ಹಾಕಿದ,
ಗಾಳಿಯಲ್ಲಿ ಏನೂ ಬರುತ್ತಿಲ್ಲವೆಂದು.
ಹಳೆಯದನ್ನೇ ಮತ್ತೆ ಎಬ್ಬಿಸಿದೆ,
ಬೇರೆ ಅಂಕಿ ಕೊಟ್ಟು, ಅಧಿಕಾರ ಕಿತ್ತು:
ಇನ್ನು ದಾರಿ ನಿನ್ನ ಕೆಲಸವಲ್ಲ,
ಸುಮ್ಮನೆ ಗಾಳಿಗೆ ಮಾತು ಹರಡುತ್ತಿರು.
ಮುರಿದ ಕೊಂಬಿನಲ್ಲೂ ಅದು ಒಪ್ಪಿತು.

ಎಲ್ಲ ಮುಗಿಯಿತೆಂದು ಚೀಲ ಕಟ್ಟುವಾಗ
ಪ್ರಿಂಟರಿನ ತಕರಾರು.
ಸ್ಕ್ಯಾನ್ ಮಾಡಿದ ಬಿಲ್ಲು ಹ್ಯಾಂಬರ್ಗಿಗೆ ಹೋಗಲೊಲ್ಲದು.
ಇಣುಕಿ ನೋಡಿದೆ.
ವಿಳಾಸ ಒಂದೇ ಆದರೂ
ಅದು ಹಳೆಯ ಮುಖವನ್ನೇ ನೆನಪಿಟ್ಟುಕೊಂಡು,
ಹೊರಗಿನ ತಂತಿ ಕಳಚಿ ಕೂತ ಆ ಮುದುಕನ ಮುಂದೆ
ಹಾಳೆ ಹಿಡಿದು ನಿಂತಿತ್ತು.
'ಹ್ಯಾಂಬರ್ಗಿಗೆ ಯಾವ ಕಡೆ, ಅಜ್ಜ?'
ಅಜ್ಜನಲ್ಲಿ ಉತ್ತರವಿಲ್ಲ.
ಇಲ್ಲವೆನ್ನುವುದನ್ನೂ ಅದಕ್ಕೆ ಯಾರೂ ಕಲಿಸಿರಲಿಲ್ಲ.

ಮದ್ದು ಸುಲಭ. ಆರಿಸಿ, ಹತ್ತು ಎಣಿಸಿ, ಹಾಕುವುದು.
ಮರೆವು ಹತ್ತು ಎಣಿಕೆಯ ಕೆಲಸ.
ಆದರೂ ಒತ್ತುಗುಂಡಿಯ ಮೇಲೆ
ಬೆರಳು ಕೊಂಚ ತಡೆಯಿತು. ಯಾಕೋ.

ಸಂಜೆ ಹೊಸ ಪೆಟ್ಟಿಗೆಯ ದಿನಚರಿ ತೆರೆದೆ:
ನಾಲ್ಕು ಗಂಟೆಯಲ್ಲಿ ಎರಡು ಸಾವಿರದ ಚಿಲ್ಲರೆ ಮಂದಿ
ಕದ ತಟ್ಟಿ ಹಿಂದಿರುಗಿದ್ದಾರೆ.
ಹನ್ನೊಂದು ವರ್ಷ ದಿನವೂ ಇಷ್ಟು ಜನ ಬರುತ್ತಿದ್ದರೇ?
ಲೆಕ್ಕವಿಟ್ಟವರಿಲ್ಲ.

ನೂರ್‌ಹಯಾತ್ ಕೋಟು ತೊಟ್ಟು,
ಅರ್ಧ ಉಳಿದ ಚಹಾದ ಲೋಟವನ್ನು ರೂಢಿಯಂತೆ
ಹಳೆಯ ರೂಟರಿನ ಬೆನ್ನ ಮೇಲಿಟ್ಟಳು.
ಗಕ್ಕನೆ ನೆನಪಾಗಿ, ತೆಗೆಯಹೋಗಿ, ಅಂಗೈ ಒತ್ತಿ ನೋಡಿದಳು.
'ಇನ್ನೂ ಬೆಚ್ಚಗಿದೆ' ಅಂದಳು,
ಯಾರಿಗೂ ಅಲ್ಲ.