ಬೀರುವಿನೊಳಗೆ ಯಾರೋ

ಏಳನೇ ಅಂತಸ್ತು, ಕೋಣೆ ಇನ್ನೂರ ಹದಿನಾರು.
ಕಿಟಕಿಯಿಲ್ಲ. ಹೊರಗೆ ಕಡಲಿದೆ ಎನ್ನುವುದನ್ನು
ಟೀವಿಯಲ್ಲಿ ನೋಡಿ ನಂಬಬೇಕು.
ಬೀರುವಿನ ಅಗಲ ನನ್ನ ಕೈಯಲ್ಲಿ ನಾಲ್ಕೂವರೆ ಗೇಣು.
ಮರದ ಹ್ಯಾಂಗರು ಹನ್ನೆರಡು. ಪ್ರತಿ ಶನಿವಾರ ಎಣಿಸುತ್ತೇನೆ,
ಸೌತಾಂಪ್ಟನ್ನಿನಲ್ಲಿ ಹಳಬರು ಇಳಿದು
ಹೊಸಬರು ಹತ್ತುವ ಮೂರು ಗಂಟೆಯ ನಡುವೆ.

ಮೇಲಿನ ಹಲಗೆಯಲ್ಲಿ ಎರಡು ಲೈಫ್ ಜಾಕೆಟ್ಟು.
ಇಸ್ತ್ರಿ ಕಾಣದ, ಯಾರ ಅಳತೆಯನ್ನೂ ಕೇಳದ
ಕಿತ್ತಳೆ ಬಣ್ಣದ ಉಡುಪು.
ಎಲ್ಲರೂ ಮೊದಲು ಅವನ್ನೇ ತೆಗೆದು ಮಂಚದಡಿಗೆ ತಳ್ಳುತ್ತಾರೆ,
ಟೋಪಿಗೆ ಜಾಗ ಬೇಕಂತೆ.
ನಾನು ಮತ್ತೆ ಮೇಲಿಡುತ್ತೇನೆ. ನಮ್ಮದೊಂದು ಮೂಕ ಜಗಳ.

ಈ ಸಲ ಬಂದವರು ಅಕ್ಕತಂಗಿ, ವೇಲ್ಸಿನವರು.
ಒಲ್ವೆನ್‌ಗೆ ಎಪ್ಪತ್ತನಾಲ್ಕು, ಎರಡು ಪೆಟ್ಟಿಗೆ,
ಏಳು ರಾತ್ರಿಗೆ ಹದಿನಾಲ್ಕು ಗೌನು.
ತಂಗಿ ಮೆರಿಯೆಲ್, ಬಸ್ಸು ಓಡಿಸಿ ನಿವೃತ್ತಳಾದವಳು,
ಮೂರು ಅಂಗಿ, ಒಂದು ಸ್ವೆಟರು,
ಮನೆಯಿಂದಲೇ ತಂದ ಒಂದು ತಂತಿ ಹ್ಯಾಂಗರು.
"ಇಲ್ಲಿಂದ ಈಚೆ ನನ್ನದು" ಎಂದು
ಸರಳಿನ ನಟ್ಟನಡುವೆ ಕೆಂಪು ರಬ್ಬರ್ ಬ್ಯಾಂಡು ಸುತ್ತಿದ್ದಳು.
ಆಚೆ, ಒಂದೊಂದು ಹ್ಯಾಂಗರಿಗೆ ಎರಡು ಮೂರು ಗೌನು,
ರೇಷ್ಮೆ ಉಸಿರುಗಟ್ಟಿ ನಿಂತಿತ್ತು.
ಈಚೆ ಮೂರು ಅಂಗಿ, ಬಸ್ಸಿಲ್ಲದ ನಿಲ್ದಾಣದಲ್ಲಿ ನಿಂತಂತೆ.

ಒಂದೇ ಕೋಣೆಯಲ್ಲಿ ಮಲಗಿ ಐವತ್ತೆರಡು ವರ್ಷವಾಯಿತಂತೆ.
ಏನಾಗಿತ್ತೋ, ನಾನು ಕೇಳಲಿಲ್ಲ.
ಹಾಸಿಗೆ ಸರಿಪಡಿಸುವವಳಿಗೆ ಅರ್ಧ ಹೇಗೂ ಗೊತ್ತಾಗುತ್ತದೆ,
ಉಳಿದರ್ಧ ಗೊತ್ತಾಗದಿದ್ದರೇ ವಾಸಿ.

ಬಿಸ್ಕೇ ಕೊಲ್ಲಿ. ರಾತ್ರಿ ಎರಡೂ ಹತ್ತು. ಫೋನು.
"ಅರ್ಸೇನಿಯಾ, ಬೀರುವಿನೊಳಗೆ ಯಾರೋ ಇದ್ದಾರೆ,
ಬಾಗಿಲು ಬಡಿಯುತ್ತಿದ್ದಾರೆ."
ಗೋಡೆ ಹಿಡಿದುಕೊಂಡೇ ಹೋದೆ.
ಎರಡು ಮಂಚದ ಮೇಲೆ ಇಬ್ಬರೂ ಎದ್ದು ಕೂತು
ಮುಚ್ಚಿದ ಬೀರುವನ್ನೇ ನೋಡುತ್ತಿದ್ದರು,
ಒಬ್ಬರನ್ನೊಬ್ಬರು ಅಲ್ಲ.
ಠಕ್. ಹಡಗು ಹೊರಳಿದರೆ ಠಕ್ ಠಕ್.

ತೆರೆದೆ. ಯಾರೂ ಇಲ್ಲ.
ಈಚೆಯ ಖಾಲಿ ಹ್ಯಾಂಗರುಗಳು
ಓಡಿ ಹೋಗಿ ಗೋಡೆಗೆ ಬಡಿದು,
ರಬ್ಬರ್ ಬ್ಯಾಂಡಿನ ತನಕ ಬಂದು, ಮತ್ತೆ ಗೋಡೆಗೆ.
ಆಚೆಯ ಗೌನುಗಳು ಮಿಸುಕಿರಲಿಲ್ಲ.
ಕೊಡದ ಮಾತು ಬೀರುವಿಗೂ ಸಲ್ಲುತ್ತದೆ,
ತುಂಬಿದ್ದು ತುಳುಕುವುದಿಲ್ಲ.

ಎಂದಿನಂತಾದರೆ ಒಂದು ಟವೆಲು ತುರುಕಿ ಬರುತ್ತಿದ್ದೆ.
ನಿದ್ದೆಗಣ್ಣಿನಲ್ಲಿ ತರುವುದು ಮರೆತಿದ್ದೆ.
"ಆಚೆಯದು ನಾಲ್ಕು ಈಚೆ ತಂದರೆ ಸಾಕು, ಮೇಡಂ."
ಮೆರಿಯೆಲ್ ಮಾತಾಡಲಿಲ್ಲ. ಹಡಗು ಎರಡು ಸಲ ಹೊರಳಿತು.
ಆಮೇಲೆ ಎದ್ದು, ಆ ರಬ್ಬರ್ ಬ್ಯಾಂಡನ್ನು ಉಗುರಿನಿಂದ ಬಿಡಿಸಿ
ತನ್ನ ಕೂದಲಿಗೆ ಕಟ್ಟಿಕೊಂಡಳು.
"ಆ ಹಸಿರು ಗೌನು ಮಾತ್ರ ಬೇಡ,
ಅದರ ಮಿನುಗೆಲ್ಲ ನನ್ನ ಅಂಗಿಗೆ ಉದುರುತ್ತದೆ."
ಒಲ್ವೆನ್ ಹಸಿರನ್ನೇ ಮೊದಲು ತಂದಳು.

ಬೀರು ಸುಮ್ಮನಾಯಿತು, ಅವರು ಸುಮ್ಮನಾಗಲಿಲ್ಲ.
ಓಣಿಯ ತಿರುವು ದಾಟುವವರೆಗೂ ಕೇಳುತ್ತಿತ್ತು
ನನಗೆ ಬಾರದ ಅವರ ಭಾಷೆ,
ನಡುವೆ ಒಂದು ನಗುವೋ, ಕೆಮ್ಮೋ.

ನನ್ನ ಜಾಗ ಇನ್ನೂ ಕೆಳಗೆ, ನೀರಿನ ಮಟ್ಟದ ಕೆಳಗೆ.
ತಗಡಿನ ಲಾಕರು, ಒಂದೂವರೆ ಗೇಣು.
ನಾಲ್ಕು ಸಮವಸ್ತ್ರ, ಅವುಗಳಡಿ ಮಡಿಸಿಟ್ಟ ಹೂವಿನ ಲಂಗ,
ಇಲೋಯಿಲೋದಲ್ಲಿ ಅಮ್ಮ ಹೊಲಿದದ್ದು.
ಒಂಬತ್ತು ತಿಂಗಳ ಕರಾರಿನಲ್ಲಿ ಏಳು ಮುಗಿದವು,
ತೊಡುವಂಥ ದಿನ ಬಂದಿಲ್ಲ.

ಶನಿವಾರ ಎಣಿಸಿದೆ. ಹನ್ನೆರಡು.
ಸರಿ ಎಂದು ಗುರುತು ಹಾಕಿ ಮತ್ತೆ ನೋಡಿದರೆ
ಮರದ್ದು ಹನ್ನೊಂದು, ತಂತಿಯದು ಒಂದು.
ಒಯ್ದವಳು ಅಕ್ಕನೋ, ತಂಗಿಯೋ.
ಉಗ್ರಾಣದಿಂದ ಬೇರೆ ತಂದು ಹಾಕಿದೆ.
ತಂತಿಯದನ್ನು ಕೆಳಗೆ ಒಯ್ಯಲು ಏಪ್ರನ್ನಿಗೆ ಸಿಕ್ಕಿಸಿಕೊಂಡು
ಮಂಚದಡಿಗೆ ಬಗ್ಗಿದೆ. ಲೈಫ್ ಜಾಕೆಟ್ಟು ಎರಡೂ ಅಲ್ಲೇ.
ಹೊರಗೆ ಓಣಿಯಲ್ಲಿ ಆಗಲೇ ಗಡಗಡ,
ಚಕ್ರದ ಪೆಟ್ಟಿಗೆಗಳು.