ಬಲಗಣ್ಣಿನ ಬಿಳಿ

ಗೋಡೆಗೆ ಎರಡು ಚೌಕ ಬಳಿದು
ಕೈ ಒರೆಸಿಕೊಂಡು ನಿಂತಿದ್ದೇನೆ.
ಎಡಗಡೆಯದರ ಡಬ್ಬಿಯ ಮೇಲೆ ‘ಮಜ್ಜಿಗೆ’ ಅಂತಿದೆ,
ಬಲಗಡೆಯದು ‘ಸುಣ್ಣಕಲ್ಲು’.
ಕಂಪನಿಯವರ ಬಾಯಿಗೆ ಬಂದ ಹೆಸರು. ಎರಡೂ ಬಿಳಿಯೇ.
ನನಗೆ ಕೂಲಿ ಗೋಡೆಯ ಲೆಕ್ಕ, ಗಂಟೆಯ ಲೆಕ್ಕವಲ್ಲ,
ಬೇಗ ಹೇಳಿಬಿಡಿ, ಎಂದೆ.

ರೀಗಾದ ಈ ನಾಲ್ಕನೇ ಮಹಡಿಗೆ
ಬೆಳಕು ಬರುವುದೇ ಎದುರು ಕಟ್ಟಡಕ್ಕೆ ಬಡಿದು,
ಅದೂ ಮಾರ್ಚಿಯ ಬೆಳಕು, ನೀರು ಬೆರೆಸಿದ ಹಾಲು.

ವಿಲ್ನಿಸ್ ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವನು.
ಹೋದ ವಾರ ಬಲಗಣ್ಣಿನ ಪೊರೆ ತೆಗೆಸಿದ್ದಾನೆ,
ಎಡಗಣ್ಣಿನ ಸರದಿ ಬೇಸಿಗೆಗೆ.
ಅಂಗೈಯಿಂದ ಒಂದನ್ನು ಮುಚ್ಚಿ ನೋಡಿದ,
ಆಮೇಲೆ ಇನ್ನೊಂದನ್ನು.
“ಇದರಲ್ಲಿ ಎರಡೂ ಚಹಾ ಚೆಲ್ಲಿದ ಮೇಜುಬಟ್ಟೆ.
ಇದರಲ್ಲಿ ಎರಡೂ ಹಿಮ.
ನೀವು ಕೇಳುತ್ತಿರುವುದು ಯಾವ ಕಣ್ಣನ್ನು?”

ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದ ಔಸ್ಮಾ
“ಮಜ್ಜಿಗೆ” ಎಂದಳು. “ತಡೆಯಿರಿ” ಎಂದಳು.
ಕರಿ ರೈ ಬ್ರೆಡ್ಡಿನ ತುಂಡೊಂದು ತಂದು ಗೋಡೆಗೆ ಹಿಡಿದಳು,
ತನ್ನದೇ ಮುಂಗೈ ಹಿಡಿದಳು.
ಕೊನೆಗೆ ಗಂಡನ ತೋಳು ಹಿಡಿದೆಳೆದು
ಎರಡು ಚೌಕದ ನಡುವೆ ಒರಗಿಸಿದಳು,
ಗುರುತಿನ ಚೀಟಿಯ ಫೋಟೋಕ್ಕೆ ನಿಲ್ಲಿಸುವ ಹಾಗೆ.
“ಬೆಳಿಗ್ಗೆ ಎದ್ದಾಗ ಯಾವುದರ ಮುಂದೆ ಇವನು
ಕಾಯಿಲೆಯವನಂತೆ ಕಾಣುವುದಿಲ್ಲವೋ
ಅದು.”

ಪರದೆಗೆ ಬಣ್ಣ ಹೊಂದಿಸಿದವರನ್ನು ಕಂಡಿದ್ದೇನೆ,
ಸೋಫಾಕ್ಕೆ, ಒಮ್ಮೆ ಒಂದು ಬೆಕ್ಕಿಗೆ.
ಗಂಡನಿಗೆ ಹೊಂದಿಸಿದ್ದು ಇದೇ ಮೊದಲು.

ಅವನು ಅಲ್ಲಿಂದಲೇ, ಎಡಗಣ್ಣು ಮುಚ್ಚಿಕೊಂಡು
ಅವಳನ್ನೇ ನೋಡುತ್ತಿದ್ದ.
“ನಿನ್ನ ಕೂದಲು ಯಾವಾಗ ಇಷ್ಟು ನರೆಯಿತು?”
“ಹತ್ತು ವರ್ಷವಾಯಿತು.”
“ಜೇನಿನ ಬಣ್ಣವಿತ್ತಲ್ಲ, ಹೋದ ಬುಧವಾರದವರೆಗೂ.”

ಅವಳ ಕೈ ತಲೆಗೆ ಹೋಯಿತು,
ಅರ್ಧಕ್ಕೇ ಇಳಿಯಿತು.
ನಾನು ಡಬ್ಬಿಯ ಮುಚ್ಚಳ ಬಿಗಿ ಮಾಡಿದೆ,
ಆಗಲೇ ಬಿಗಿಯಾಗಿದ್ದುದನ್ನು.

ಅವನು ಕೈ ಬದಲಿಸಿ ಬಲಗಣ್ಣು ಮುಚ್ಚಿದ.
“ಇನ್ನೂ ಇದೆ,” ಎಂದ. “ಬೇಸಿಗೆಯವರೆಗೆ ಇರುತ್ತೆ. ಮಜ್ಜಿಗೆಯೇ ಇರಲಿ.”
“ಬೇಡ,” ಎಂದಳು ಔಸ್ಮಾ.
“ಬೇಸಿಗೆಯಾದ ಮೇಲೂ ಈ ಕೋಣೆಯಲ್ಲೇ ಮಲಗಬೇಕಲ್ಲ ನಾವು.
ಸುಣ್ಣಕಲ್ಲು ಬಳಿಯಿರಿ.”

ಸರಿ ಎಂದು ಬ್ರಷ್ಷಿಗೆ ಬಗ್ಗಿದೆ. ವಿಲ್ನಿಸ್ ಗೋಡೆ ಬಿಟ್ಟು ತಿರುಗಿದ.
ನೀಲಿ ಸ್ವೆಟರಿನ ಎರಡು ಭುಜಕ್ಕೂ ಹಸಿ ಬಣ್ಣ.
ಯಾವುದು ಮಜ್ಜಿಗೆ, ಯಾವುದು ಸುಣ್ಣಕಲ್ಲು?
ನಲವತ್ತು ವರ್ಷದ ಕಸುಬು, ಎರಡು ಕಣ್ಣೂ ನೆಟ್ಟಗಿವೆ,
ಹೇಳಲಾರೆ.

ತಣ್ಣೀರಿನಲ್ಲಿ ನೆನೆಹಾಕಿ, ಎಂದೆ.
ಬಿಸಿನೀರು ಬೇಡ, ಉಣ್ಣೆ ಕುಗ್ಗುತ್ತದೆ.