ಬಾಗಿಲ ಮೇಲಿನ ರತ್ನಗಂಬಳಿ

ರಮ್ಜಾನಿಗೆ ಇನ್ನು ಒಂಬತ್ತು ದಿನ.
ಹರಾರಿನ ನಮ್ಮ ಓಣಿಯಲ್ಲಿ ಈಗ
ಎಲ್ಲ ಮನೆಗಳ ಗೋಡೆಯೂ ಬರಿಮೈ.
ತಟ್ಟೆ, ಬುಟ್ಟಿ, ಬಟ್ಟಲು ಇಳಿದು
ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿವೆ,
ಆಸ್ಪತ್ರೆಯ ಹೊರಗೆ ಚೀಟಿ ಹಿಡಿದವರಂತೆ.

ನೂರಾ ಹದಿನೇಳು ತಟ್ಟೆ. ನಾನೇ ಎಣಿಸಿದ್ದು.
ನೀಲಿ ಅಂಚಿನವು, ಗುಲಾಬಿ ಬರೆದವು,
ಒಂದರಲ್ಲಿ ಹೊಗೆಯುಗುಳುವ ಹಡಗು,
ಇನ್ನೊಂದಕ್ಕೆ ಎನಾಮಲ್ ಹಾರಿ ಕರಿ ಚುಕ್ಕೆ.
ಅದು ಅಜ್ಜಿ ಅಜ್ಜನ ಮೇಲೆ ಎಸೆದದ್ದು.
"ತಪ್ಪಿತು" ಅನ್ನುತ್ತಾಳೆ ಅಮ್ಮ.
ಗುರಿ ತಪ್ಪಿತೋ, ಎಸೆದದ್ದೇ ತಪ್ಪೋ,
ಬಿಡಿಸಿ ಹೇಳುವುದಿಲ್ಲ.

ನೆಲಕ್ಕೆ, ಜಗಲಿಗಳ ಅಂಚಿಗೆ ಕೆಂಪು ಬಳಿಯುತ್ತಿದ್ದೇನೆ.
ಹೋದ ವರ್ಷ ಅಮ್ಮ ಬಳಿದಳು, ನಾನು ಬಕೇಟು ಹಿಡಿದೆ.
ಈ ವರ್ಷ ಅವಳ ಕಣ್ಣಿಗೆ ಹಾಲು ಕವಿದಿದೆ.
ಐದು ಜಗಲಿಯಲ್ಲಿ ಬಾಗಿಲ ಪಕ್ಕದ್ದನ್ನು ಹಿಡಿದು
ಮೂಗಿನಿಂದಲೇ ಮೇಸ್ತ್ರಿಕೆ:
"ಬಣ್ಣ ನೀರಾಯಿತು. ಇನ್ನೊಂದು ಹಿಡಿ ಮಣ್ಣು ಹಾಕು."

ಚಿಕ್ಕಪ್ಪನ ಮಗ ಫುವಾದ್ ಬಂದಿದ್ದಾನೆ,
ಆಡಿಸ್ ಅಬಾಬಾದಲ್ಲಿ ಹೋಟೆಲುಗಳ ಒಳಾಂಗಣ ಮಾಡುವವನು.
ಟೇಪು ಎಳೆದ, ಸರ್ರನೆ ಬಿಟ್ಟ.
"ಅಕ್ಕ, ಈ ಗೋಡೆಯನ್ನು ಹೀಗೇ ಬಿಟ್ಟುಬಿಡು.
ಬಿಳಿ. ಮೂಲೆಗೊಂದು ಬುಟ್ಟಿ. ಒಂದೇ.
ಕಣ್ಣಿಗೂ ಉಸಿರಾಡಲು ಜಾಗ ಬೇಕಲ್ಲ."
ಫೋನಿನಲ್ಲಿ ತೋರಿಸಿದ: ಬಿಳಿ ಕೋಣೆ, ಬೂದು ಸೋಫಾ,
ಗಾಜಿನ ಹೂಜಿಯಲ್ಲಿ ಒಣಕಡ್ಡಿ ಮೂರು.
ಚೆನ್ನಾಗಿತ್ತು. ಸುಳ್ಳೇಕೆ,
ಅಲ್ಲೊಂದು ಮಧ್ಯಾಹ್ನ ಸುಮ್ಮನೆ ಕೂರಬೇಕೆನಿಸಿತು.
ಯಾರನ್ನೂ ಏನೂ ಕೇಳದ ಕೋಣೆ.

ನಮ್ಮ ಗೋಡೆ ಬಾಯಿಬಡುಕಿ.
ಯಾವ ಬುಟ್ಟಿ ಯಾರ ಮದುವೆಯದು,
ಗೂಡಿನ ಬಟ್ಟಲು ಜಿದ್ದಾದಿಂದ ತಂದವರಾರು,
ಬಂದವರಿಗೆಲ್ಲ ಒದರುತ್ತದೆ.
ಬಾಗಿಲ ಮೇಲಿನ ಹಲಗೆ ಅದಕ್ಕೂ ಒಂದು ಕೈ ಮೇಲೆ:
ಅಲ್ಲಿ ಸುರುಳಿ ಸುತ್ತಿದ ರತ್ನಗಂಬಳಿ ಇದ್ದರೆ
ಒಳಗೊಬ್ಬಳು ಮದುವೆಗೆ ಬಂದವಳಿದ್ದಾಳೆಂದು ಲೆಕ್ಕ.
ಎರಡಿದ್ದರೆ ಇಬ್ಬರು.
ನಮ್ಮಲ್ಲಿ ಮೂರಿದ್ದವು.
ಹಮ್ದಿಯಾಳದು ಇಳಿಯಿತು. ನೆಜುಮಾಳದು ಇಳಿಯಿತು,
ಈಗ ಅವಳ ಮಗಳದೇ ಅವರ ಹಲಗೆಗೆ ಏರಿದೆ.
ನನ್ನದು ಇಪ್ಪತ್ತಾರು ವರ್ಷದಿಂದ ಅಲ್ಲೇ.
ರಮ್ಜಾನಿಗೊಮ್ಮೆ ಧೂಳು ಕೊಡವಿ,
ನುಸಿಗುಳಿಗೆ ಬದಲಿಸಿ, ಮತ್ತೆ ಮೇಲೆ.
ಬಂದವರು ತಲೆ ಎತ್ತುತ್ತಾರೆ, ನನ್ನನ್ನು ನೋಡುತ್ತಾರೆ,
ಆಮೇಲೆ ಕಾಫಿಯನ್ನು ಹೊಗಳುತ್ತಾರೆ.

ಇವತ್ತು ಫುವಾದ್ ಪೇಟೆಗೆ ಹೋದ ಹೊತ್ತಿನಲ್ಲಿ
ಏಣಿ ಹಾಕಿದೆ.
ಯಾಕೆ ಇವತ್ತು, ಗೊತ್ತಿಲ್ಲ.
ಕೈಗೆ ಕೆಂಪು ಮೆತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.
ದಾರದ ಗಂಟು ಬಿಚ್ಚದೆ ಹಲ್ಲಿನಿಂದ ಕಡಿದೆ,
ಒಣಗಿದ ಜಗಲಿಯ ಮೇಲೆ ಉರುಳಿಸಿದೆ.

ಹೊರಸುತ್ತು ಚಹಾದ ಬಣ್ಣಕ್ಕೆ ಮಾಸಿತ್ತು.
ಒಳಗೆ ದಾಳಿಂಬೆ ಒಡೆದಷ್ಟು ಕೆಂಪು,
ನಟ್ಟ ನಡುವೆ ಒಂದು ಹಕ್ಕಿ.
ನವಿಲಲ್ಲ, ಪಾರಿವಾಳವಲ್ಲ, ಕತ್ತು ತಿರುಗಿಸಿ
ತನ್ನ ಬಾಲವನ್ನೇ ಅನುಮಾನದಿಂದ ನೋಡುತ್ತಿದೆ.
ಇಷ್ಟು ವರ್ಷ ನನ್ನ ತಲೆಯ ಮೇಲಿತ್ತು.
ನನ್ನದೇ ಅಂತೆ. ಒಮ್ಮೆಯೂ ಕಂಡಿರಲಿಲ್ಲ.

ಗೋಡೆ ಸವರಿಕೊಂಡು ಅಮ್ಮ ಬಂದಳು.
ಅಂಗಾಲಿಗೆ ಉಣ್ಣೆ ತಗುಲಿ ನಿಂತಳು.
ಹೆಬ್ಬೆರಳು ಅಂಚಿನ ಗೊಂಡೆಯನ್ನು ಹುಡುಕಿತು,
ಒಂದು, ಎರಡು, ಮೂರು.
ನಾನು ಉಸಿರು ಬಿಡಲಿಲ್ಲ.
"ಎಡಮೂಲೆ ಎಳಿ" ಅಂದಳು, "ಸುಕ್ಕಿದೆ."
ಎಳೆದೆ. ಕೂತಳು.

ಎರಡನೇ ಬಟ್ಟಲು ಕಾಫಿಯ ಮೇಲೆ ಕೇಳಿದಳು:
"ಹಲಗೆ ಖಾಲಿಯಾಯಿತಲ್ಲ, ಏನಿಡುತ್ತೀ?"
"ಕಣ್ಣಿಗೆ ಉಸಿರಾಡಲು ಜಾಗ ಬೇಕಂತೆ, ಫುವಾದ್ ಹೇಳಿದ."
"ನನ್ನ ಕಣ್ಣಿಗೇ?" ನಕ್ಕಳು, ಕಾಫಿ ನೆತ್ತಿಗೇರಿ ಕೆಮ್ಮಿದಳು.
ಬೆನ್ನು ತಟ್ಟಿದೆ. ಅವಳ ಬಿಳಿ ಅಂಗಿಯ ಮೇಲೆ
ನನ್ನ ಐದು ಬೆರಳೂ ಕೆಂಪಗೆ ಮೂಡಿದವು.

ಇನ್ನು ತಟ್ಟೆ ತೂಗಬೇಕು, ನೂರಾ ಹದಿನೇಳು.
ಹಡಗಿನದನ್ನು ನಡುವೆ ಬೇಡ ಅನ್ನುತ್ತಾಳೆ,
ಹೋದ ಸಲ ಅದು ವಾಲಿತ್ತು.